ಅಮೃತಶಿಲೆಯ ಮಕ್ಕಳು

ಪ್ಯಾರಿಸ್ಸಿನ ಲೂವ್ರ್, ರೋಮಿನ ಕ್ಯಾಪಿಟೊಲೈನ್ ಮೊದಲಾದ ದೊಡ್ಡ ವಸ್ತುಸಂಗ್ರಹಾಲಯಗಳ ರೋಮನ್ ವಿಭಾಗಕ್ಕೆ ಹೋದವರನ್ನು ಒಂದು ಬಗೆಯ ಪ್ರತಿಮೆ ತಡೆದು ನಿಲ್ಲಿಸುತ್ತದೆ. ಸುತ್ತಲೂ ಗಡ್ಡಮೀಸೆಯ ಚಕ್ರವರ್ತಿಗಳು, ಹಣೆ ಸುಕ್ಕುಗಟ್ಟಿದ ಸೆನೆಟ್ ಸದಸ್ಯರು. ಅವರ ನಡುವೆ ಎಂಟು ಹತ್ತು ವರ್ಷದ ಒಬ್ಬ ಹುಡುಗ. ತುಂಬಿದ ಕೆನ್ನೆ, ಪುಟ್ಟ ಬಾಯಿ, ತಲೆಯ ತುಂಬ ಗುಂಗುರು ಕೂದಲು. ಭುಜದ ಮೇಲೆ ಮಾತ್ರ ದೊಡ್ಡವರ ಮೇಲುವಸ್ತ್ರ. ಯಾರಪ್ಪ ಈ ಹುಡುಗ ಎಂದು ಕೆಳಗಿನ ಫಲಕದತ್ತ ಬಗ್ಗಿದರೆ ಕೆಲವು ಪ್ರತಿಮೆಗಳ ಕೆಳಗೆ ಹೀಗೆ ಬರೆದಿರುತ್ತದೆ: 'ಕ್ಯಾರಕಲ್ಲಾ ಅಥವಾ ಗೇಟಾ'.

ಈ 'ಅಥವಾ' ಎಂಬ ಪದ ಸಾಮಾನ್ಯದ್ದಲ್ಲ. ಇವರಿಬ್ಬರೂ ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಮಕ್ಕಳು, ಅಣ್ಣತಮ್ಮಂದಿರು. ಇವರಲ್ಲಿ ಅಣ್ಣ ಮುಂದೆ ತಮ್ಮನನ್ನು ಕೊಲ್ಲಿಸಿದ. ಕೊಂದವನು ಯಾರು, ಸತ್ತವನು ಯಾರು ಎಂದು ಆ ಮುಗ್ಧ ಮುಖ ನೋಡಿ ಹೇಳಲು ಇಂದಿಗೂ ವಿದ್ವಾಂಸರಿಗೆ ಸಾಧ್ಯವಾಗಿಲ್ಲ. ಒಬ್ಬರು ಗೇಟಾ ಎಂದದ್ದನ್ನು ಇನ್ನೊಬ್ಬರು ಕ್ಯಾರಕಲ್ಲಾ ಎನ್ನುತ್ತಾರೆ. ಹುಡುಗರಿಬ್ಬರೂ ನೋಡಲು ಹಾಗೆಯೇ ಇದ್ದರು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಅವರು ಹಾಗೆ ಕಾಣಬೇಕೆಂದು ದೊಡ್ಡವರು ಬಯಸಿದ್ದರು. ಶಿಲ್ಪಿಯ ಮುಂದೆ ಕುಳಿತದ್ದು ಮಗುವಾದರೂ ಅವನು ಕೆತ್ತಬೇಕಾಗಿದ್ದದ್ದು ದೊಡ್ಡವರ ಆಸೆಯನ್ನು. ರೋಮ್ ಸಾಮ್ರಾಜ್ಯದ ಕೊನೆಗಾಲದ ರಾಜಕುಮಾರರ ಪ್ರತಿಮೆಗಳನ್ನು ಸಾಲಾಗಿ ನೋಡುತ್ತ ಹೋದರೆ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ.

ಒಂದೇ ಮುಖದ ನೂರು ನಕಲು

ಮೊದಲು ಈ ಪ್ರತಿಮೆಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ತಿಳಿಯೋಣ. ಅಂದು ಛಾಯಾಚಿತ್ರವಿರಲಿಲ್ಲ, ಪತ್ರಿಕೆಗಳಿರಲಿಲ್ಲ. ಬ್ರಿಟನ್ನಿನಿಂದ ಸಿರಿಯಾದವರೆಗೆ ಹರಡಿದ್ದ ಸಾಮ್ರಾಜ್ಯದ ಪ್ರಜೆಗಳಲ್ಲಿ ಬಹುಪಾಲು ಜನ ತಮ್ಮ ಚಕ್ರವರ್ತಿಯನ್ನು ಜನ್ಮದಲ್ಲಿ ಒಮ್ಮೆಯೂ ಕಂಡವರಲ್ಲ. ಅವನ ಮುಖ ಅವರಿಗೆ ಗೊತ್ತಾಗುತ್ತಿದ್ದದ್ದು ಎರಡೇ ದಾರಿಯಿಂದ. ಒಂದು, ಕೈಯಲ್ಲಿನ ನಾಣ್ಯ. ಇನ್ನೊಂದು, ಊರ ಚೌಕದಲ್ಲಿ, ನ್ಯಾಯಸ್ಥಾನದಲ್ಲಿ, ಸಾರ್ವಜನಿಕ ಸ್ನಾನಗೃಹದಲ್ಲಿ ನಿಲ್ಲಿಸಿದ ಪ್ರತಿಮೆ.

ಆದ್ದರಿಂದ ಮುಖವೂ ಒಂದು ಸರ್ಕಾರಿ ಕಾಗದಪತ್ರದಂತೆ. ರಾಜಧಾನಿಯಲ್ಲಿ ಒಪ್ಪಿಗೆ ಪಡೆದ ಒಂದು ಮಾದರಿ ಸಿದ್ಧವಾಗುತ್ತಿತ್ತು. ಅದರ ಅಚ್ಚುಗಳು ಪ್ರಾಂತ್ಯಗಳಿಗೆ ಹೋಗುತ್ತಿದ್ದವು. ಅಲ್ಲಿನ ಶಿಲ್ಪಿಗಳು ಅದನ್ನು ನೋಡಿಕೊಂಡು ತಮ್ಮ ಕೈಗೆ ಸಿಕ್ಕುವ ಅಮೃತಶಿಲೆಯಲ್ಲಿ ನಕಲು ತೆಗೆಯುತ್ತಿದ್ದರು. ಇಟಲಿಯ ಕರಾರಾ ಗಣಿಯ ಕಲ್ಲು, ಗ್ರೀಸಿನ ಪೆಂಟೆಲಿಕಸ್ ಬೆಟ್ಟದ ಕಲ್ಲು, ಇಂದಿನ ಟರ್ಕಿಯ ಮರ್ಮರ ದ್ವೀಪದ ಕಲ್ಲು, ಹೀಗೆ ಕಲ್ಲು ಬೇರೆ ಬೇರೆಯಾದರೂ ಮುಖ ಒಂದೇ. ಎಷ್ಟೋ ವೇಳೆ ತಲೆಯನ್ನು ಕತ್ತಿನವರೆಗೆ ಮಾತ್ರ ಬಿಡಿಯಾಗಿ ಕೆತ್ತಿ, ಬೇರೆಡೆ ತಯಾರಾದ ಮೈಯ ಕುಳಿಯಲ್ಲಿ ಕೂರಿಸುತ್ತಿದ್ದರು. ಅರಸು ಬದಲಾದರೆ ತಲೆಯೊಂದನ್ನು ಬದಲಾಯಿಸಿದರೂ ಸಾಕಿತ್ತು!

ಈ ನಕಲು ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ ಇಂದಿನ ವಿದ್ವಾಂಸರು ಪ್ರತಿಮೆ ಯಾರದೆಂದು ಗುರುತಿಸಲು ಮೂಗು ಬಾಯಿಗಿಂತ ಹೆಚ್ಚಾಗಿ ಹಣೆಯ ಮೇಲಿನ ಕೂದಲ ಎಳೆಗಳನ್ನು ಎಣಿಸುತ್ತಾರೆ. ಯಾವ ಎಳೆ ಎಡಕ್ಕೆ ಬಾಗಿದೆ, ಯಾವುದು ಬಲಕ್ಕೆ, ಎರಡರ ನಡುವೆ ಕವಲು ಎಲ್ಲಿದೆ ಎಂದು ಲೆಕ್ಕ ಹಾಕಿ, ಹೆಸರು ಮುದ್ರಿತವಾದ ನಾಣ್ಯದ ಮುಖದೊಂದಿಗೆ ತಾಳೆ ನೋಡುತ್ತಾರೆ. ನಾಣ್ಯಗಳಿಗೆ ದೇಶದ ಗಡಿಯಿರಲಿಲ್ಲ. ರೋಮನ್ನರ ಕೊನೆಗಾಲದ ಚಿನ್ನದ ನಾಣ್ಯಗಳು ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನವರೆಗೂ ಬಂದು ಮಣ್ಣಿನಲ್ಲಿ ಅಡಗಿ ಕುಳಿತಿದ್ದವು. ಪ್ರತಿಮೆಗೆ ಹೆಸರಿಲ್ಲದಿದ್ದಾಗ ಸಾಕ್ಷಿ ಹೇಳುವುದು ಇಂಥ ನಾಣ್ಯಗಳೇ.

ಇನ್ನೊಂದು ಮಾತು. ನಾವು ಇಂದು ನೋಡುವ ಬಿಳಿಯ ಬೋಳು ಕಲ್ಲು ಅಂದಿನವರು ಕಂಡದ್ದಲ್ಲ. ಕೂದಲಿಗೆ, ತುಟಿಗೆ, ಕಣ್ಣಿಗೆ, ಬಟ್ಟೆಗೆ ಬಣ್ಣ ಹಚ್ಚುತ್ತಿದ್ದರು. ಹಲವು ಪ್ರತಿಮೆಗಳ ಸಂದುಗಳಲ್ಲಿ ಆ ಬಣ್ಣದ ಕುರುಹು ಇಂದಿಗೂ ಸಿಗುತ್ತದೆ. ಕ್ರಿ.ಶ. ಎರಡನೆಯ ಶತಮಾನದ ನಡುಭಾಗದ ಹೊತ್ತಿಗೆ ಕಣ್ಣಿನ ಪಾಪೆಯನ್ನು ಬಣ್ಣದಿಂದ ತೋರಿಸುವುದಷ್ಟೇ ಅಲ್ಲದೆ ಕಲ್ಲಿನಲ್ಲೇ ಕೊರೆಯುವ ರೂಢಿಯೂ ಬಂದಿತ್ತು. ಹಾಗಾಗಿ ಬಣ್ಣ ಅಳಿದ ಮೇಲೂ ಈ ಮಕ್ಕಳು ಎತ್ತಲೋ ನೋಡುತ್ತಿದ್ದಾರೆ ಎಂದು ನಮಗೆ ತಿಳಿಯುತ್ತದೆ.

ಎರವಲು ತಂದ ಅಪ್ಪ

ನಮ್ಮ ಮನೆಗಳಲ್ಲಿ ಮಗು ಹುಟ್ಟಿ ಹನ್ನೊಂದು ದಿನ ತುಂಬುವ ಮೊದಲೇ 'ಥೇಟ್ ತಾತನ ಮೂಗು', 'ಸೋದರಮಾವನದೇ ಹಣೆ' ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಅದು ಪ್ರೀತಿಯ ಮಾತು. ಸೆವೆರಸ್‌ನ ಮನೆಯಲ್ಲಿ ಇದೇ ಮಾತು ರಾಜಕಾರಣವಾಯಿತು.

ಸೆವೆರಸ್ ರೋಮಿನವನಲ್ಲ. ಇಂದಿನ ಲಿಬಿಯಾದಲ್ಲಿರುವ ಲೆಪ್ಟಿಸ್ ಮ್ಯಾಗ್ನಾ ಪಟ್ಟಣದವನು. ಕ್ರಿ.ಶ. 193ರಲ್ಲಿ ಸೈನ್ಯದ ಬಲದಿಂದ ಸಿಂಹಾಸನ ಹತ್ತಿದ. ಅರಸುಮನೆತನದಲ್ಲಿ ಹುಟ್ಟಿದವನಲ್ಲ ಎಂಬ ಕೊರತೆ ಅವನನ್ನು ಕಾಡುತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಜನ ಇನ್ನೂ ಗೌರವದಿಂದ ನೆನೆಯುತ್ತಿದ್ದ ತತ್ತ್ವಜ್ಞಾನಿ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಸತ್ತು 15 ವರ್ಷವಾಗಿತ್ತು. 195ರಲ್ಲಿ ಸೆವೆರಸ್ 'ನಾನು ಅವನ ದತ್ತುಪುತ್ರ' ಎಂದು ತಾನೇ ಘೋಷಿಸಿಕೊಂಡ! ಸತ್ತವನು ದತ್ತು ತೆಗೆದುಕೊಳ್ಳುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಬ್ಬ ಹಾಸ್ಯಪ್ರವೃತ್ತಿಯವನು ಮಾತ್ರ, ಅಂತೂ ಚಕ್ರವರ್ತಿಗಳಿಗೆ ಒಬ್ಬ ತಂದೆ ಸಿಕ್ಕಿದ್ದಕ್ಕೆ ಅಭಿನಂದನೆ ಎಂದನಂತೆ. ಇದನ್ನು ಬರೆದಿಟ್ಟವನು ಆ ಕಾಲದಲ್ಲೇ ಸೆನೆಟ್ ಸದಸ್ಯನಾಗಿದ್ದ ಇತಿಹಾಸಕಾರ ಕಾಸಿಯಸ್ ಡಿಯೊ.

ಅಪ್ಪ ಹೊಸ ಅಪ್ಪನನ್ನು ಪಡೆದ ಮೇಲೆ ಮಗನಿಗೂ ಹೊಸ ಹೆಸರು ಬೇಕಾಯಿತು. 188ರಲ್ಲಿ ಹುಟ್ಟಿದ ಹಿರಿಯ ಮಗನ ಹೆಸರು ಬಾಸಿಯಾನಸ್. ಏಳೆಂಟು ವರ್ಷದ ಆ ಹುಡುಗ ಒಂದು ಬೆಳಗ್ಗೆ ಮಾರ್ಕಸ್ ಅರೇಲಿಯಸ್ ಆಂಟೊನೈನಸ್ ಆದ. ಕ್ಯಾರಕಲ್ಲಾ ಎನ್ನುವುದು ಅವನು ಮುಂದೆ ತೊಡುತ್ತಿದ್ದ ಒಂದು ಬಗೆಯ ಉದ್ದನೆಯ ಮೇಲಂಗಿಯಿಂದ ಬಂದ ಅಡ್ಡಹೆಸರು. ಹೆಸರಿನ ಜೊತೆಗೆ ಮುಖವೂ ಬದಲಾಯಿತು. ಮಾರ್ಕಸ್ ಅರೇಲಿಯಸ್‌ನ ಮನೆತನದವರ ಪ್ರತಿಮೆಗಳಲ್ಲಿ ಕಾಣುವ ದಟ್ಟ ಗುಂಗುರು ಕೂದಲು ಈ ಹುಡುಗನ ಪ್ರತಿಮೆಗಳ ತಲೆಯ ಮೇಲೂ ಬಂತು. ಶಿಲ್ಪಿಗಳು ಬೈರಿಗೆಯಿಂದ ಸುರುಳಿಗಳ ನಡುವೆ ಆಳವಾದ ತೂತು ಕೊರೆದು, ಕಪ್ಪು ನೆರಳು ಬೀಳುವಂತೆ ಮಾಡಿ, ಆ ಕೂದಲನ್ನು ಎದ್ದು ಕಾಣಿಸಿದರು. ನೋಡಿದವರಿಗೆ ಹಳೆಯ ಒಳ್ಳೆಯ ಅರಸನ ನೆನಪಾಗಬೇಕು, ಅಷ್ಟೇ.

196ರಲ್ಲಿ ಆ ಹುಡುಗ 'ಸೀಸರ್', ಎಂದರೆ ಯುವರಾಜ. 198ರಲ್ಲಿ ಹತ್ತು ತುಂಬುವ ಮೊದಲೇ 'ಆಗಸ್ಟಸ್', ಎಂದರೆ ತಂದೆಯ ಸಮಾನ ಚಕ್ರವರ್ತಿ. ಅವನಿಗಿಂತ ಒಂದು ವರ್ಷಕ್ಕೆ ಕಿರಿಯನಾದ ಗೇಟಾ ಅದೇ ವರ್ಷ ಸೀಸರ್. ತಮ್ಮನ ಪ್ರತಿಮೆಗಳನ್ನೂ ಅಣ್ಣನ ಮಾದರಿಯಲ್ಲೇ ಕಡೆದರು. ಇಬ್ಬರು ಮಕ್ಕಳೂ ಒಂದೇ ಎಂದು, ಸಾಮ್ರಾಜ್ಯಕ್ಕೆ ಮುಂದೆ ಅಂತರ್ಯುದ್ಧದ ಭಯವಿಲ್ಲವೆಂದು ಪ್ರಜೆಗಳು ನಂಬಬೇಕಿತ್ತು.

ಕಲ್ಲಿನಲ್ಲಿ ಒಗ್ಗಟ್ಟು, ಮನೆಯಲ್ಲಿ ಜಗಳ

ಲೆಪ್ಟಿಸ್ ಮ್ಯಾಗ್ನಾದ ವಿಜಯ ಕಮಾನಿನ ಮೇಲೆ ಒಂದು ಉಬ್ಬುಚಿತ್ರವಿದೆ. ತಂದೆ ಸೆವೆರಸ್ ಮತ್ತು ಕ್ಯಾರಕಲ್ಲಾ ಪರಸ್ಪರ ಬಲಗೈ ಹಿಡಿದಿದ್ದಾರೆ. ನಡುವೆ ಗೇಟಾ ನಿಂತಿದ್ದಾನೆ. ತಾಯಿ ಜೂಲಿಯಾ ಡೊಮ್ನಾ ಪಕ್ಕದಲ್ಲಿದ್ದಾಳೆ. ಒಗ್ಗಟ್ಟಿನ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೇ? ನಾಣ್ಯಗಳ ಮೇಲೂ 'ಸೌಹಾರ್ದ' ಎಂಬ ಅರ್ಥದ ಪದವನ್ನು ಅಚ್ಚು ಹಾಕಿಸಲಾಯಿತು.

ಅರಮನೆಯೊಳಗಿನ ಸಂಗತಿ ಬೇರೆಯೇ ಇತ್ತು. ಡಿಯೊ ಮತ್ತು ಹೆರೋಡಿಯನ್ ಎಂಬ ಇಬ್ಬರು ಸಮಕಾಲೀನ ಲೇಖಕರು ಹೇಳುವಂತೆ ಸೋದರರು ಚಿಕ್ಕಂದಿನಿಂದಲೇ ಹಾವು ಮುಂಗುಸಿ. ಕೋಳಿ ಅಂಕವಾಗಲಿ, ಲಾವಕ್ಕಿಗಳ ಕಾಳಗವಾಗಲಿ, ಒಬ್ಬನದು ಒಂದು ಪಕ್ಷವಾದರೆ ಇನ್ನೊಬ್ಬನದು ಅದಕ್ಕೆ ಎದುರು. ಒಮ್ಮೆ ಪುಟ್ಟ ಕುದುರೆಗಳ ಬಂಡಿ ಓಡಿಸುವ ಪಂದ್ಯದಲ್ಲಿ ಹಠ ಎಷ್ಟು ಏರಿತೆಂದರೆ ಕ್ಯಾರಕಲ್ಲಾ ಕೆಳಗೆ ಬಿದ್ದು ಕಾಲು ಮುರಿದುಕೊಂಡ. ಅಣ್ಣತಮ್ಮಂದಿರ ಜಗಳ ಯಾವ ಮನೆಯಲ್ಲಿಲ್ಲ? ಆದರೆ ಪ್ರತಿ ಜಗಳದಲ್ಲೂ ಒಬ್ಬೊಬ್ಬನ ಬೆನ್ನಿಗೆ ಹೊಗಳುಭಟರ ಒಂದೊಂದು ಗುಂಪು ನಿಂತಿರುವ ಮನೆ ಸಾಮಾನ್ಯ ಮನೆಯಲ್ಲ.

211ರ ಫೆಬ್ರವರಿಯಲ್ಲಿ ಸೆವೆರಸ್ ಬ್ರಿಟನ್ನಿನ ಯಾರ್ಕ್ ಪಟ್ಟಣದಲ್ಲಿ ಕಾಯಿಲೆಯಿಂದ ಸತ್ತ. ಒಗ್ಗಟ್ಟಿನಿಂದಿರಿ, ಸೈನಿಕರ ಕೈತುಂಬಿಸಿ, ಉಳಿದವರನ್ನು ಲೆಕ್ಕಿಸಬೇಡಿ ಎಂಬುದು ಮಕ್ಕಳಿಗೆ ಅವನ ಕೊನೆಯ ಮಾತಾಗಿತ್ತಂತೆ. ರೋಮಿಗೆ ಹಿಂದಿರುಗಿದ ಸೋದರರು ಅರಮನೆಯನ್ನೇ ಎರಡು ಪಾಲು ಮಾಡಿಕೊಂಡು ನಡುವಿನ ಬಾಗಿಲುಗಳನ್ನು ಮುಚ್ಚಿಸಿದರು. ಸಾಮ್ರಾಜ್ಯವನ್ನೂ ಯೂರೋಪು ಒಬ್ಬನಿಗೆ, ಏಷ್ಯಾ ಇನ್ನೊಬ್ಬನಿಗೆ ಎಂದು ಹಂಚುವ ಮಾತು ಬಂತು. ಆಗ ಜೂಲಿಯಾ ಡೊಮ್ನಾ, ನೆಲವನ್ನು ಹಂಚಿಕೊಂಡೀರಿ, ತಾಯಿಯನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂದು ಕೇಳಿದಳೆಂದು ಹೆರೋಡಿಯನ್ ಬರೆಯುತ್ತಾನೆ.

ಅದೇ ಡಿಸೆಂಬರಿನಲ್ಲಿ ಕ್ಯಾರಕಲ್ಲಾ ರಾಜಿಯ ನೆಪದಲ್ಲಿ ತಾಯಿಯ ಕೋಣೆಗೆ ತಮ್ಮನನ್ನು ಕರೆಸಿದ. ಸೈನಿಕರು ನುಗ್ಗಿದರು. ಅಮ್ಮಾ ಎಂದು ತಬ್ಬಿಕೊಂಡ 22 ವರ್ಷದ ಗೇಟಾ ಆಕೆಯ ಮಡಿಲಲ್ಲೇ ಹತನಾದ. ಬಿಡಿಸಲು ಹೋದ ತಾಯಿಯ ಕೈಗೂ ಗಾಯವಾಯಿತು. ಮಗನಿಗಾಗಿ ಅಳುವುದಕ್ಕೂ ಆಕೆಗೆ ಅಪ್ಪಣೆಯಿರಲಿಲ್ಲ ಎಂದು ಡಿಯೊ ಹೇಳುತ್ತಾನೆ. ಗೇಟಾನ ಕಡೆಯವರೆಂಬ ಕಾರಣಕ್ಕೆ ಮುಂದೆ ಸತ್ತವರ ಸಂಖ್ಯೆ ಅವನ ಲೆಕ್ಕದಲ್ಲಿ ಸುಮಾರು 20,000.

ಕೆರೆದು ಹಾಕಿದ ಮುಖ

ಕೊಂದ ಮೇಲೂ ಕ್ಯಾರಕಲ್ಲಾನಿಗೆ ಸಮಾಧಾನವಾಗಲಿಲ್ಲ. ತಮ್ಮನೆಂಬವನು ಇದ್ದನೆಂಬ ನೆನಪೂ ಉಳಿಯಬಾರದೆಂದು ಅಪ್ಪಣೆ ಮಾಡಿದ. ಸಾಮ್ರಾಜ್ಯದ ಉದ್ದಗಲಕ್ಕೂ ಉಳಿ ಸುತ್ತಿಗೆ ಹಿಡಿದವರು ಹೊರಟರು. ಅವರ ಕೈಗೆಲಸವನ್ನು ಇಂದಿಗೂ ನೋಡಬಹುದು.

ರೋಮಿನ ಫೋರಂನಲ್ಲಿ 203ರಲ್ಲಿ ಕಟ್ಟಿದ ಸೆವೆರಸ್‌ನ ಕಮಾನಿನ ಮೇಲಿನ ಶಾಸನದಲ್ಲಿ ಒಂದು ಸಾಲು ಉಳಿದವುಗಳಂತಿಲ್ಲ. ಅಲ್ಲಿ ಗೇಟಾನ ಹೆಸರನ್ನು ಕಿತ್ತು, ಖಾಲಿಯಾದ ಜಾಗಕ್ಕೆ ಉಳಿದವರ ಬಿರುದುಗಳನ್ನು ತುಂಬಿದ್ದಾರೆ. ಆದರೆ ಮೊದಲಿನ ಕಂಚಿನ ಅಕ್ಷರಗಳನ್ನು ಹಿಡಿದಿದ್ದ ಮೊಳೆಯ ತೂತುಗಳು ಹಾಗೆಯೇ ಉಳಿದು ಗುಟ್ಟು ಬಿಟ್ಟುಕೊಟ್ಟಿವೆ. 204ರಲ್ಲಿ ಸರಾಫರು ಮತ್ತು ದನದ ವ್ಯಾಪಾರಿಗಳು ಕಟ್ಟಿಸಿದ ಇನ್ನೊಂದು ದ್ವಾರದಲ್ಲಿ ಸೆವೆರಸ್ ಮತ್ತು ಜೂಲಿಯಾ ಪಕ್ಕದಲ್ಲಿ ಒಂದು ಆಳು ನಿಲ್ಲುವಷ್ಟು ಜಾಗ ಬರಿದಾಗಿದೆ. ಬರ್ಲಿನ್ನಿನಲ್ಲಿ ಈಜಿಪ್ಟಿನಿಂದ ಬಂದ ಒಂದು ಗುಂಡನೆಯ ಮರದ ಹಲಗೆಯಿದೆ. ಅದರ ಮೇಲಿನ ವರ್ಣಚಿತ್ರದಲ್ಲಿ ತಂದೆ, ತಾಯಿ, ಇಬ್ಬರು ಗಂಡುಮಕ್ಕಳು. ಒಬ್ಬ ಮಗನ ಮುಖವನ್ನು ಉಜ್ಜಿ ಅಳಿಸಲಾಗಿದೆ. ಒಡವೆ ತೊಟ್ಟ ತಾಯಿಯ ಮುಖ ಮಾತ್ರ ಏನೂ ಆಗಿಲ್ಲವೆಂಬಂತೆ ನಮ್ಮತ್ತ ನೋಡುತ್ತಿದೆ.

ಹೀಗಿರುವಾಗ ಗೇಟಾನ ಬಾಲ್ಯದ ಪ್ರತಿಮೆಗಳು ಒಂದೆರಡಾದರೂ ಉಳಿದದ್ದು ಹೇಗೆ? ಅಣ್ಣನೋ ತಮ್ಮನೋ ಎಂಬುದು ಅಂದಿನವರಿಗೂ ಕೆಲವು ಕಡೆ ತಿಳಿಯದೆ ಹೋಗಿರಬಹುದು. ಪ್ರಚಾರಕ್ಕಾಗಿ ಮಾಡಿದ ಹೋಲಿಕೆಯೇ ಅವನನ್ನು ಉಳಿಸಿದ್ದರೆ ಆಶ್ಚರ್ಯವಿಲ್ಲ.

ಕ್ಯಾರಕಲ್ಲಾ ದೊಡ್ಡವನಾದ ಮೇಲಿನ ಪ್ರತಿಮೆಯೊಂದು ಇಟಲಿಯ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಗುಂಗುರು ಕೂದಲು ಮಾಯವಾಗಿ ಸೈನಿಕರಂತೆ ಗಿಡ್ಡವಾಗಿದೆ. ಹುಬ್ಬು ಗಂಟಿಕ್ಕಿದೆ. ಯಾರೋ ಹಿಂದಿನಿಂದ ಕರೆದಂತೆ ಕತ್ತು ಥಟ್ಟನೆ ಒಂದು ಕಡೆಗೆ ತಿರುಗಿದೆ. ಎರವಲು ಮುಖವನ್ನು ಅವನು ಕಿತ್ತೆಸೆದಿದ್ದಾನೆ, ನಿಜ. ಅದರಡಿಯಲ್ಲಿ ಬೆಳೆದಿದ್ದ ಮುಖ ಇದು. 217ರಲ್ಲಿ, 29ನೆಯ ವಯಸ್ಸಿನಲ್ಲಿ, ತನ್ನದೇ ಸೈನ್ಯದವರ ಕೈಯಲ್ಲಿ ಅವನೂ ಸತ್ತ.

ನಗದ ಹುಡುಗ

ಮುಂದಿನದು ಇನ್ನೂ ಅವಸರದ ಕಾಲ. ಕ್ಯಾರಕಲ್ಲಾನ ನಂತರ ಪಟ್ಟಕ್ಕೆ ಬಂದ ಮ್ಯಾಕ್ರಿನಸ್, ತನ್ನ ಎಂಟು ಒಂಬತ್ತು ವರ್ಷದ ಮಗ ಡಯಾಡುಮೇನಿಯನ್‌ನನ್ನು ಸೀಸರ್ ಮಾಡಿ, ಅವನಿಗೂ ಆಂಟೊನೈನಸ್ ಎಂಬ ಅದೇ ಹೆಸರಿಟ್ಟ. ಹೆಸರು ಉಳಿಸಲಿಲ್ಲ. 218ರಲ್ಲಿ ತಂದೆ ಸೋತಾಗ ಮಗನೂ ಕೊಲೆಯಾದ.

ಕ್ರಿ.ಶ. 235ರಿಂದ 284ರವರೆಗಿನ ಐವತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು. ಹಾಸಿಗೆಯ ಮೇಲೆ ಸತ್ತವರು ಬೆರಳೆಣಿಕೆಯಷ್ಟು. 238ರಲ್ಲಿ 13 ವರ್ಷದ ಮೂರನೆಯ ಗೋರ್ಡಿಯನ್ ಸಿಂಹಾಸನದ ಮೇಲೆ ಕುಳಿತ. ಅವನಿಗಿಂತ ಮುಂಚೆ ಅದೇ ವರ್ಷ ಐವರು ಅರಸರು ಸತ್ತಿದ್ದರು. ಅವನ ಪ್ರತಿಮೆ ಲೂವ್ರ್‌ನಲ್ಲಿದೆ. ಗುಂಗುರು ಕೂದಲಿನ ಕಾಲ ಮುಗಿದಿತ್ತು. ಶಿಲ್ಪಿ ತಲೆಗೆ ಒಂದು ಟೋಪಿ ಹೊದಿಸಿದಂತೆ ಮಾಡಿ, ಅದರ ಮೇಲೆ ಉಳಿಯ ಸಣ್ಣ ಸಣ್ಣ ಗೀರುಗಳಿಂದ ಕತ್ತರಿಸಿದ ಕೂದಲನ್ನು ತೋರಿಸಿದ್ದಾನೆ. ಅದು ಸೈನ್ಯದವರ ಕ್ಷೌರ. ಮೇಲೆ ಕಷ್ಟ ಕಂಡವನ ಹುಬ್ಬು, ಕೆಳಗೆ ಎಳೆಯ ಕೆನ್ನೆ ಮತ್ತು ಗಲ್ಲ. ಒಂದೇ ಮುಖದಲ್ಲಿ ಎರಡು ವಯಸ್ಸು. ಪರ್ಷಿಯನ್ನರ ಮೇಲಿನ ದಂಡಯಾತ್ರೆಯ ವೇಳೆ 244ರಲ್ಲಿ ಗೋರ್ಡಿಯನ್ ತೀರಿಕೊಂಡಾಗ ಅವನಿಗೆ 19.

ಅವನ ನಂತರ ಬಂದವನು ಅರೇಬಿಯದ ಫಿಲಿಪ್. ಅವನ ಏಳು ವರ್ಷದ ಆಸುಪಾಸಿನ ಮಗ, ಅವನ ಹೆಸರೂ ಫಿಲಿಪ್, ಮೊದಲು ಸೀಸರ್, 247ರಲ್ಲಿ ಆಗಸ್ಟಸ್. ಈ ಹುಡುಗನ ಬಗ್ಗೆ ಹಳೆಯ ಸಂಕ್ಷಿಪ್ತ ಇತಿಹಾಸವೊಂದು ಒಂದು ಸಂಗತಿಯನ್ನು ದಾಖಲಿಸಿದೆ. ಐದು ವರ್ಷ ತುಂಬಿದಾಗಿನಿಂದ ಅವನು ನಗಲೇ ಇಲ್ಲವಂತೆ. ಯಾರು ಏನು ಮಾಡಿದರೂ ನಗಿಸಲಾಗಲಿಲ್ಲ. ಉತ್ಸವದ ಆಟಗಳ ವೇಳೆ ತಂದೆ ಜೋರಾಗಿ ನಕ್ಕಾಗ ಮಗ ಅಸಹನೆಯಿಂದ ಮುಖ ತಿರುಗಿಸಿಕೊಂಡನಂತೆ. ಬರೆದವನು ಇದನ್ನು ಗಾಂಭೀರ್ಯವೆಂದು ತಿಳಿದಂತಿದೆ. ಮಕ್ಕಳನ್ನು ಬೆಳೆಸಿದವರು ಓದಿದರೆ ಮನಸ್ಸಿಗೆ ಬೇರೆಯೇ ತೋರುತ್ತದೆ. 249ರಲ್ಲಿ ತಂದೆ ಯುದ್ಧದಲ್ಲಿ ಅಳಿದ. ಅದೇ ವರ್ಷ ಹನ್ನೊಂದು ಹನ್ನೆರಡು ವರ್ಷದ ಮಗನನ್ನೂ ಕೊಂದರು.

ವಯಸ್ಸೇ ಇಲ್ಲದ ಮುಖ

ನಾಲ್ಕನೆಯ ಶತಮಾನಕ್ಕೆ ಬಂದರೆ ಪಟ್ಟಕ್ಕೇರುವ ವಯಸ್ಸು ಇನ್ನೂ ಇಳಿಯುತ್ತದೆ. 367ರಲ್ಲಿ ಗ್ರೇಷಿಯನ್ ಆಗಸ್ಟಸ್ ಆದಾಗ ಅವನಿಗೆ 8. ಅವನ ಮಲತಮ್ಮ ಎರಡನೆಯ ವ್ಯಾಲೆಂಟೀನಿಯನ್‌ಗೆ 375ರಲ್ಲಿ 4. ಥಿಯೊಡೋಸಿಯಸ್‌ನ ಹಿರಿಯ ಮಗ ಆರ್ಕೇಡಿಯಸ್ 383ರಲ್ಲಿ, ಆರರ ಆಸುಪಾಸಿನಲ್ಲಿ. ಕಿರಿಯ ಮಗ ಹೊನೋರಿಯಸ್ 393ರಲ್ಲಿ, 8ರಲ್ಲಿ. ಕೊನೆಗೆ 402ರಲ್ಲಿ ಆರ್ಕೇಡಿಯಸ್ ತನ್ನ ಮಗ ಎರಡನೆಯ ಥಿಯೊಡೋಸಿಯಸ್‌ನನ್ನು ಆಗಸ್ಟಸ್ ಎಂದು ಸಾರಿದಾಗ ಮಗುವಿಗೆ ಒಂಬತ್ತು ತಿಂಗಳು. ಅನ್ನಪ್ರಾಶನದ ವಯಸ್ಸು!

ಪ್ರತಿಮೆಗಳಲ್ಲಿ ಈ ಮಕ್ಕಳು ಹೇಗಿದ್ದಾರೆ? 1949ರಲ್ಲಿ ಇಸ್ತಾಂಬುಲ್ ನಗರದಲ್ಲಿ ಒಂದು ಅಮೃತಶಿಲೆಯ ತಲೆ ಸಿಕ್ಕಿತು. ಆರ್ಕೇಡಿಯಸ್‌ನದೆಂದು ಗುರುತಿಸಲಾದ ಇದು ಅಲ್ಲಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಹಣೆಯ ಮೇಲೆ ಮುತ್ತಿನ ಪಟ್ಟಿ. ಅದರ ಕೆಳಗೆ ಬಾಚಿ ಸಮಮಾಡಿದ ಕೂದಲು. ಕನ್ನಡಿಯಂತೆ ನುಣುಪಾಗಿಸಿದ ಚರ್ಮ. ದೊಡ್ಡ ಕಣ್ಣುಗಳು ನಮ್ಮನ್ನು ದಾಟಿ ಎಲ್ಲೋ ದೂರ ನೋಡುತ್ತಿವೆ. ಇವನು ಹುಡುಗನೋ ಯುವಕನೋ ಹೇಳಿ ನೋಡೋಣ ಎಂದರೆ ಕಷ್ಟ. ಅದೇ ವಸ್ತುಸಂಗ್ರಹಾಲಯದಲ್ಲಿ ಎರಡನೆಯ ವ್ಯಾಲೆಂಟೀನಿಯನ್‌ನದೆನ್ನಲಾದ ಆಳೆತ್ತರದ ಪ್ರತಿಮೆಯಿದೆ. ಶಿಲ್ಪಿಗಳ ಊರೆಂದೇ ಹೆಸರಾಗಿದ್ದ ಆಫ್ರೊಡಿಸಿಯಾಸ್‌ನಿಂದ ಬಂದದ್ದು. ಉದ್ದನೆಯ ನಿಲುವಂಗಿಯ ಮಡಿಕೆಗಳೊಳಗೆ ಮೈ ಇದೆಯೋ ಇಲ್ಲವೋ ಎಂಬಂತೆ ನಿಂತಿದ್ದಾನೆ.

ಇದು ಶಿಲ್ಪಿಗಳ ಅಸಾಮರ್ಥ್ಯವಲ್ಲ. ಅರಸನೆಂದರೆ ದೇವರ ಪ್ರತಿನಿಧಿ, ಅವನಿಗೆ ಬಾಲ್ಯವೂ ಇಲ್ಲ ಮುಪ್ಪೂ ಇಲ್ಲ ಎಂಬ ಭಾವನೆ ಬೆಳೆದಿತ್ತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 388ರ ಒಂದು ಬೆಳ್ಳಿಯ ತಟ್ಟೆಯಿದೆ. ಅದರಲ್ಲಿ ಥಿಯೊಡೋಸಿಯಸ್ ಎಲ್ಲರಿಗಿಂತ ದೊಡ್ಡದಾಗಿ ನಡುವೆ ಕುಳಿತಿದ್ದಾನೆ. ಎರಡು ಬದಿಗೆ ವ್ಯಾಲೆಂಟೀನಿಯನ್ ಮತ್ತು ಆರ್ಕೇಡಿಯಸ್ ಚಿಕ್ಕದಾಗಿದ್ದಾರೆ. ಚಿಕ್ಕದಾಗಿರುವುದು ಪದವಿಯ ಲೆಕ್ಕದಲ್ಲಿ. ಮುಖದಲ್ಲಿ ಮೂವರೂ ಒಂದೇ.

ಅಧಿಕಾರವೂ ಮೂರ್ತಿಯಷ್ಟೇ ನಿಶ್ಚಲವಾಗಿತ್ತು. ಮಗುವಿನ ಹೆಸರಿನಲ್ಲಿ ಆಳುತ್ತಿದ್ದವರು ತಾಯಂದಿರು, ಮಂತ್ರಿಗಳು, ಸೇನಾಪತಿಗಳು. ದೊಡ್ಡವನಾದ ಮೇಲೆ ತಾನೇ ಆಳಲು ಹೊರಟ ವ್ಯಾಲೆಂಟೀನಿಯನ್, ಸೇನಾಪತಿ ಅರ್ಬೊಗಾಸ್ಟ್‌ನೊಂದಿಗೆ ವಿರಸ ಕಟ್ಟಿಕೊಂಡ. 392ರಲ್ಲಿ, 21ನೆಯ ವಯಸ್ಸಿನಲ್ಲಿ, ತನ್ನ ವಸತಿಯಲ್ಲಿ ನೇಣಿನಲ್ಲಿ ಸಿಕ್ಕಿದ. ಕೊಲೆಯೋ ಆತ್ಮಹತ್ಯೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹನ್ನೊಂದು ವರ್ಷದ ಕವಿ

ಇದೆಲ್ಲ ಅರಸುಮಕ್ಕಳ ಪಾಡು, ನಮಗೇಕೆ ಎನ್ನಬಹುದು. ಹಾಗೆನ್ನುವವರು ರೋಮಿನ ಇನ್ನೊಂದು ಅಮೃತಶಿಲೆಯ ಹುಡುಗನನ್ನೂ ನೋಡಬೇಕು. ಇವನು ರಾಜಕುಮಾರನಲ್ಲ, ಸಾಮಾನ್ಯ ಕುಟುಂಬದವನು. ಸೆವೆರಸ್‌ನ ಮಕ್ಕಳಿಗಿಂತ ಸುಮಾರು ನೂರು ವರ್ಷ ಹಿಂದಿನವನು. 1871ರಲ್ಲಿ ರೋಮಿನ ಸಲಾರಿಯಾ ಬಾಗಿಲನ್ನು ಕೆಡವುವಾಗ ಅದರ ಬುರುಜಿನೊಳಗೆ ಹುದುಗಿದ್ದ ಅವನ ಸಮಾಧಿಶಿಲೆ ಹೊರಬಂತು. ಹೆಸರು ಕ್ವಿಂಟಸ್ ಸಲ್ಪೀಸಿಯಸ್ ಮ್ಯಾಕ್ಸಿಮಸ್. ಬದುಕಿದ್ದು 11 ವರ್ಷ, 5 ತಿಂಗಳು, 12 ದಿನ.

ಕ್ರಿ.ಶ. 94ರಲ್ಲಿ ರೋಮಿನ ಕ್ಯಾಪಿಟೊಲೈನ್ ಉತ್ಸವದ ಗ್ರೀಕ್ ಕಾವ್ಯಸ್ಪರ್ಧೆಯಲ್ಲಿ 52 ಕವಿಗಳ ನಡುವೆ ಈ ಹುಡುಗನೂ ನಿಂತ. ಕೊಟ್ಟ ವಿಷಯದ ಮೇಲೆ ನಿಂತ ನಿಲುವಿನಲ್ಲೇ ಗ್ರೀಕ್ ಪದ್ಯ ಕಟ್ಟಿ ಹೇಳಿ ಮೆಚ್ಚುಗೆ ಪಡೆದ. ಸ್ವಲ್ಪ ಕಾಲದಲ್ಲೇ ಸತ್ತ. ಹಗಲಿರುಳೆನ್ನದೆ ಓದಿದ ದಣಿವು ಮತ್ತು ಕಾಯಿಲೆ ಅವನನ್ನು ಒಯ್ದಿತೆಂದು ಆ ಕಲ್ಲೇ ಹೇಳುತ್ತದೆ. ತಂದೆತಾಯಿ ಮಗನನ್ನು ಗೂಡಿನೊಳಗೆ ನಿಲ್ಲಿಸಿದರು. ಮೈಮೇಲೆ ದೊಡ್ಡವರಂತೆ ಟೋಗಾ, ಕೈಯಲ್ಲಿ ಓಲೆಯ ಸುರುಳಿ. ಅವನ ಪದ್ಯ ವ್ಯರ್ಥವಾಗದಿರಲೆಂದು ಅಷ್ಟೂ ಸಾಲುಗಳನ್ನು ಎರಡೂ ಪಕ್ಕದಲ್ಲಿ ಕೆತ್ತಿಸಿದರು.

ಸ್ಪರ್ಧೆಯಲ್ಲಿ ಕೊಟ್ಟ ವಿಷಯ ಏನೆಂದು ಕೇಳಿ. ಗ್ರೀಕರ ಪುರಾಣದಲ್ಲಿ ಸೂರ್ಯನ ಮಗ ಫೇಥಾನ್ ಹಠ ಹಿಡಿದು ತಂದೆಯ ರಥವನ್ನು ಕೇಳುತ್ತಾನೆ. ತಂದೆ ಕೊಡುತ್ತಾನೆ. ಎಳೆಯ ಕೈಗೆ ಕುದುರೆಗಳು ನಿಲ್ಲುವುದಿಲ್ಲ. ಭೂಮಿಗೆ ಬೆಂಕಿ ಬೀಳುತ್ತದೆ, ಹುಡುಗ ಸಾಯುತ್ತಾನೆ. ಅಂಥ ರಥವನ್ನು ಮಗುವಿನ ಕೈಗೆ ಕೊಟ್ಟದ್ದಕ್ಕೆ ದೇವತೆಗಳ ಅರಸ ಸೂರ್ಯನನ್ನು ಹೇಗೆ ಬೈದಿರಬೇಕು ಎಂಬುದನ್ನು ಪದ್ಯದಲ್ಲಿ ಹೇಳಬೇಕಿತ್ತು. ಹನ್ನೊಂದು ವರ್ಷದ ಹುಡುಗ ಅದನ್ನು ಹೇಳಿದ, ಮತ್ತು ಚೆನ್ನಾಗಿ ಹೇಳಿದ.

ಅವನ ತಂದೆತಾಯಿ ಮಗನನ್ನು ಪ್ರೀತಿಸಲಿಲ್ಲ ಎಂದು ಯಾರೂ ಹೇಳಲಾರರು. ಆ ಕಲ್ಲಿನ ಒಂದೊಂದು ಅಕ್ಷರವೂ ಪ್ರೀತಿಯಿಂದ ಕೊರೆದದ್ದೇ. ಸೆವೆರಸ್ ಕೂಡ ಮಕ್ಕಳ ಒಳಿತನ್ನು ಬಯಸಿದವನೇ. ಪ್ರೀತಿಗೇನೂ ಕೊರತೆಯಿರಲಿಲ್ಲ. ಇದ್ದ ಮಗುವನ್ನು ಇದ್ದ ಹಾಗೆ ನೋಡಲು ಅವರಿಗೆ ಪುರುಸೊತ್ತಾಗಲಿಲ್ಲ. ಫಲಿತಾಂಶದ ದಿನ ಮಗನ ಮುಖದಲ್ಲಿ ಅಂಕಗಳನ್ನು ಹುಡುಕುವ ತಂದೆತಾಯಿಗೂ, ನೆರೆಮನೆಯ ಹುಡುಗನ ಹೆಸರು ಕೇಳಿದೊಡನೆ ತಲೆ ತಗ್ಗಿಸುವ ಮಗಳಿಗೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಲಹೆ. ಇತಿಹಾಸದ ಪುಸ್ತಕದಲ್ಲೋ ವಸ್ತುಸಂಗ್ರಹಾಲಯದಲ್ಲೋ ಇಂಥ ಪ್ರತಿಮೆ ಕಂಡರೆ ಮೊದಲು ಕೂದಲು ನೋಡಿ: ಅದು ಯಾರನ್ನು ಹೋಲುವಂತೆ ಮಾಡಿದ್ದಾರೆ? ಆಮೇಲೆ ಹುಬ್ಬು: ಆ ವಯಸ್ಸಿಗೆ ಅಷ್ಟು ಚಿಂತೆ ಎಲ್ಲಿಂದ ಬಂತು? ಬಟ್ಟೆ: ಅದನ್ನು ಯಾರು ತೊಡಿಸಿದರು? ಖರ್ಚು ಯಾರದು, ಯಾರು ನೋಡಲೆಂದು ನಿಲ್ಲಿಸಿದರು ಎಂದು ಕೇಳಿ. ಅಷ್ಟಾದ ಮೇಲೆ ಕೆನ್ನೆಯ ಹತ್ತಿರ ಬನ್ನಿ. ಅರಮನೆಯ ಮಾದರಿಯಲ್ಲಿ ಎಲ್ಲವನ್ನೂ ಹೇಳಿಕೊಟ್ಟಿದ್ದರೂ, ಗೋರ್ಡಿಯನ್‌ನ ಆ ಎಳೆಯ ಗಲ್ಲವನ್ನು, ಕ್ಯಾರಕಲ್ಲಾನೋ ಗೇಟಾನೋ ಆಗಿರುವ ಆ ಹುಡುಗನ ಉಬ್ಬಿದ ಕೆನ್ನೆಯನ್ನು ಹೆಸರು ತಿಳಿಯದ ಯಾರೋ ಶಿಲ್ಪಿ ಉಜ್ಜಿ ಹಾಕದೆ ಉಳಿಸಿದ್ದಾನೆ. ಅವನ ಮನೆಯಲ್ಲೂ ಮಕ್ಕಳಿದ್ದಿರಬೇಕು.